ಗುಡ್ಡದ ಜೀಪಿಗೆ ಯಾವ ಎಣ್ಣೆ

೧೪ ಜನವರಿ ೧೯೭೪, ಸೋಮವಾರ

ಸಂಕ್ರಾಂತಿಯ ನೆಪದಲ್ಲಿ ವರ್ಕ್‌ಶಾಪಿನ ಗೋಡೆಗೆ ಸುಣ್ಣ ಹೊಡೆಸಿದರು. ಐದು ವರ್ಷಗಳಿಂದ ಆ ಗೋಡೆಯ ಮೇಲೆ ನಾನು ಬಳಪದಲ್ಲಿ ಬರೆಯುತ್ತ ಬಂದಿದ್ದೆ. ಜೀಪಿನ ಎಣ್ಣೆ ಯಾವ ದಿನ ಬದಲಿಸಿದೆ, ಎಷ್ಟು ನಂಬರಿನದು ಹಾಕಿದೆ, ಅಷ್ಟರಲ್ಲಿ ಎಂಜಿನ್ ಎಷ್ಟು ಗಂಟೆ ಓಡಿತ್ತು. ಎಲ್ಲ ಸುಣ್ಣದ ಕೆಳಗೆ ಹೋಯಿತು. ಆ ಜಾಗದಲ್ಲಿ ಖಂಡಪ್ಪ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಚಾರ್ಟು ಅಂಟಿಸಿದ್ದಾನೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಗೆ ಬರುವಾಗ ಕಾಂದಿವಲಿ ಸ್ಟೇಷನ್ನಿನ ಹೊರಗೆ ಈ ಡೈರಿ ಕೊಂಡೆ. ಗೋಡೆ ಅವರದು, ಇದು ನನ್ನದು.

ಖಂಡಪ್ಪನನ್ನು ನಮ್ಮ ಕಡೆಯ ಇಂಡಿ ಊರಿನಿಂದ ಕರೆತಂದವನೇ ನಾನು. ಎರಡು ವರ್ಷ ನಮ್ಮ ಚಾಳಿನ ಖೋಲಿಯಲ್ಲೇ ಮಲಗಿದ. ನನ್ನ ಹೆಂಡತಿ ಸುಂದ್ರವ್ವ ಅವನಿಗೆ ರೊಟ್ಟಿ ಬಡಿದು ಹಾಕಿದಳು. ಬೋಲ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ನಾನು ಕಲಿಸಿದೆ. ನೈಟ್ ಸ್ಕೂಲಿಗೆ ಹೋಗಿ ಇಂಗ್ಲಿಷ್ ಕಲಿತ. ಈಗ ಅವನು ಈ ಕಲ್ಲಿನ ಖಾಣಿಯ ಸ್ಟೋರ್ ಇನ್‌ಚಾರ್ಜ್, ನಾನು ಅದೇ ಹೆಡ್ ಮಿಸ್ತ್ರಿ. ಮೊದಲು ಕಾಕಾ ಎನ್ನುತ್ತಿದ್ದ. ಇವತ್ತು ಖಾಣಿಯ ಮಾಲೀಕ ಸೇಠರ ಎದುರಿಗೆ ನನ್ನನ್ನು ‘ಅಣವೀರಪ್ಪ ಮಿಸ್ತ್ರಿ’ ಎಂದ.

೧೭ ಜನವರಿ

ಚಾರ್ಟಿನಲ್ಲಿ ಏನಿದೆ ಎಂದು ಕ್ಲಾರ್ಕನ ಕಡೆಯಿಂದ ಓದಿಸಿದೆ. ಜೀಪಿಗೆ ನಾಲ್ಕು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ. ನಾನು ಒಂದೂವರೆ ಸಾವಿರಕ್ಕೆ, ಇಲ್ಲವೇ ನೂರು ಗಂಟೆಗೆ, ಯಾವುದು ಮೊದಲೋ ಆಗ ಬದಲಿಸುತ್ತಿದ್ದೆ. ಖಂಡಪ್ಪನ ಬಳಿ ಹೋದೆ. ಅವನು ತಲೆ ಎತ್ತದೆ ಹೇಳಿದ:

“ಕಂಪನಿ ಪುಸ್ತಕದಾಗ ಹಂಗs ಬರದದ ಕಾಕಾ. ಅರಬರು ಎಣ್ಣಿ ಬಂದ್ ಮಾಡ್ಯಾರ, ಬಾಜಾರದಾಗ ಡಬ್ಬಿ ಸಿಗವಲ್ದು. ಆಫೀಸಿನಾಗ ಕಟ್ ಮಾಡ್ರಿ ಅಂತಾರ. ನಾ ಎಲ್ಲಿಂದ ತರ್ಲಿ?”

ಪುಸ್ತಕ ಬರೆದವನು ಡಾಂಬರು ರಸ್ತೆ ನೋಡಿ ಬರೆದದ್ದು. ನಮ್ಮ ಜೀಪು ರಸ್ತೆಯಲ್ಲಿ ಓಡುವುದೇ ಇಲ್ಲ. ಕೆಳಗೆ ಕಲ್ಲು ಪುಡಿಮಾಡುವ ಕ್ರಶರಿನವರೆಗೆ ಲಾರಿಗಳು ಬರುತ್ತವೆ, ಅಲ್ಲಿಂದ ಮೇಲೆ ಗುಡ್ಡಕ್ಕೆ ಜೀಪೊಂದೇ ದಾರಿ. ನಾಲ್ಕೂ ಗಾಲಿ ತಿರುಗಿಸಿಕೊಂಡು ಫಸ್ಟ್ ಗೇರಿನಲ್ಲಿ ಏರಬೇಕು. ಒಂದು ಗಂಟೆ ಎಂಜಿನ್ ಒದರಿದರೂ ಮೀಟರಿನಲ್ಲಿ ಆರು ಕಿಲೋಮೀಟರ್ ಏರುವುದಿಲ್ಲ. ಜೊತೆಗೆ ಕಲ್ಲಿನ ಪುಡಿ. ಏರ್ ಕ್ಲೀನರಿನ ತಳದಲ್ಲಿ ದಿನಾ ಒಂದು ಬೆರಳಷ್ಟು ಕೆಸರು ಕೂತಿರುತ್ತದೆ. ಇಂಥ ಗಾಡಿಗೆ ಕಿಲೋಮೀಟರಿನ ಲೆಕ್ಕವೇ ತಪ್ಪು. ಅದನ್ನೆಲ್ಲ ಹೇಳಿದೆ. ‘ನೋಡೋಣ’ ಎಂದ. ಆ ‘ನೋಡೋಣ’ ಸೇಠರಿಂದ ಕಲಿತದ್ದು.

ಅದು ಮೊದಲು ಪೆಟ್ರೋಲ್ ಜೀಪಾಗಿತ್ತು. ಅರವತ್ತೊಂಬತ್ತರಲ್ಲಿ ಡೀಸೆಲ್ ಎಂಜಿನ್ ಕೂರಿಸಿದವನು ನಾನು. ಬುಡದ ಬ್ರಾಕೆಟ್ಟುಗಳನ್ನು ಕೂಡ ನಾನೇ ಕಾಸಿ ಬಡಿದದ್ದು. ಅದರ ಉಸಿರು ನನಗೆ ಗೊತ್ತು.

೧೦ ಫೆಬ್ರವರಿ, ಭಾನುವಾರ

ಮೊನ್ನೆ ಸ್ಟೋರಿಗೆ ಹೊಸ ಡಬ್ಬಿಗಳು ಬಂದವು. ಮೇಲೆ ಒಳ್ಳೆಯ ಬಣ್ಣ, ಚೀಟಿ, ಎಲ್ಲ ಇದೆ. ಆದರೆ ಬಾಯಿಯ ಬೆಸುಗೆ ಕೈಯಿಂದ ಹಾಕಿದ್ದು. ಮುಚ್ಚಳ ತೆಗೆದು ಬೆರಳಿಗೆ ಹಚ್ಚಿ ನೋಡಿದೆ, ನೀರಿನಂತೆ ಜಾರಿತು. ಮೂಸಿದರೆ ಸುಟ್ಟ ವಾಸನೆ. ಎಲ್ಲಿಂದ ಎಂದು ಕೇಳಿದರೆ ಖಂಡಪ್ಪ ಧಾರಾವಿ ಎಂದ.

ಇವತ್ತು ರಜೆ. ಸಯನ್‌ನಲ್ಲಿ ಇಳಿದು ನಡೆದುಕೊಂಡು ಧಾರಾವಿಗೆ ಹೋಗಿ ಆ ಶೆಡ್ಡು ಹುಡುಕಿದೆ. ನಡೆಸುವವನು ಶರೀಫ ಎಂದು, ಆಳಂದದ ಕಡೆಯವನು. ಕನ್ನಡ ಕೇಳಿ ಕೂರಲು ಡ್ರಮ್ಮು ಉರುಳಿಸಿ ಕೊಟ್ಟ. ಗ್ಯಾರೇಜುಗಳು ತೆಗೆದು ಚೆಲ್ಲುವ ಹಳೆ ಎಣ್ಣೆ ತಂದು, ಕಾಯಿಸಿ, ಮಣ್ಣಿನಲ್ಲಿ ಸೋಸಿ, ಮತ್ತೆ ತುಂಬುತ್ತಾನೆ. ಮುಚ್ಚಿಡಲಿಲ್ಲ. ಸ್ಲ್ಯಾಬ್ ಹಾಕುವಾಗ ಹಲಗೆಗೆ ಬಳಿಯಲು ಒಯ್ಯುತ್ತಾರೆ, ಗಾಡಿ ಅಚ್ಚಿಗೆ ಒಯ್ಯುತ್ತಾರೆ ಎಂದ. ಡೀಸೆಲ್ ಎಂಜಿನ್ನಿಗೆ ಹಾಕಬಹುದೇ ಎಂದು ಕೇಳಿದೆ.

“ನಾ ಹಾಕ್ರಿ ಅನ್ನಂಗಿಲ್ಲ, ಬ್ಯಾಡಾನೂ ಅನ್ನಂಗಿಲ್ಲ,” ಎಂದ. “ಒಯ್ಯೋರಿಗಿ ತಿಳಿದಿರ್ತದ. ನಂದು ಹೊಟ್ಟಿಪಾಡು.”

ಅವನ ಮೇಲೆ ಸಿಟ್ಟು ಬರಲಿಲ್ಲ.

೧೧ ಫೆಬ್ರವರಿ

ನೋಡಿದ್ದನ್ನು ಖಂಡಪ್ಪನಿಗೆ ಹೇಳಿದೆ. ಕ್ಲಾರ್ಕ್, ಡ್ರೈವರ್ ಬಡೇಸಾಬ ಇಬ್ಬರೂ ಇದ್ದರು. ಬೇಕೆಂದೇ ಅವರ ಎದುರಿಗೆ ಹೇಳಿದೆ. ಸಾಕ್ಷಿ ಇರಲಿ. ಖಂಡಪ್ಪ ನನ್ನ ಮುಖ ನೋಡಿದ. ಒಳ್ಳೆಯ ಎಣ್ಣೆ ಕೊಡಿಸಿರೆಂದು ಆಫೀಸಿಗೆ ಮೂರು ಸಲ ಬರೆದಿದ್ದೇನೆ, ಮಂಜೂರಾಗಿಲ್ಲ, ಬರುವತನಕ ಇದನ್ನೇ ಹಾಕಬೇಕು ಎಂದ. ಹಾಕಿದೆ. ಕೈ ನನ್ನದು, ಬುದ್ಧಿ ಅವರದು.

ಹಳೆ ಸ್ಟಾಕಿನಲ್ಲಿ ಒಂದು ಡಬ್ಬಿ ಅಸಲಿ ಎಣ್ಣೆ ಉಳಿದಿತ್ತು, ಮೂವತ್ತು ನಂಬರ್, ಬೆಸುಗೆ ಬಿಚ್ಚದ್ದು. ಮಳೆಗಾಲಕ್ಕೆ ಹೇಳಿ ಮಾಡಿಸಿದಂಥದು. ಅದನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಖಂಡಪ್ಪ ಕೇಳಿಕೊಂಡು ಬರಲಿ, ಆಗ ಕೊಡೋಣ.

೧೨ ಮಾರ್ಚ್

ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಾಗುವುದು ದೊಡ್ಡ ಮಾತಲ್ಲ, ಹೊಸದು ಹಾಕಿದ ಮರುದಿನವೇ ಕಪ್ಪಾಗುತ್ತದೆ. ಎರಡು ಬೆರಳ ನಡುವೆ ತಿಕ್ಕಿದಾಗ ರವೆಯಂತೆ ಸಿಕ್ಕಿತು. ಅದು ದೊಡ್ಡ ಮಾತು. ಮೀಟರ್ ಪ್ರಕಾರ ಬದಲಿಸಲು ಇನ್ನೂ ಮೂರೂವರೆ ಸಾವಿರ ಕಿಲೋಮೀಟರ್ ಬಾಕಿ.

ಖಂಡಪ್ಪನಿಗೆ ಹೇಳಲಿಲ್ಲ. ಒಮ್ಮೆ ಹೇಳಿದ್ದೇನೆ.

೧೨ ಮೇ, ಭಾನುವಾರ

ರೈಲು ಮುಷ್ಕರ. ನಾಲ್ಕು ದಿನದಿಂದ ಲೋಕಲ್ ನೆಚ್ಚಿಕೊಂಡು ಕೂರುವಂತಿಲ್ಲ. ಸಯನ್ ಕಡೆಯಿಂದ ಬರುವ ಆಫೀಸಿನವರನ್ನು ಕರೆತರಲು ಸೇಠರು ಜೀಪು ಕಳಿಸುತ್ತಿದ್ದಾರೆ. ಬೆಳಿಗ್ಗೆ ಕ್ಲಾರ್ಕರನ್ನು ಹೊತ್ತು, ಮಧ್ಯಾಹ್ನ ಗುಡ್ಡಕ್ಕೆ ನೀರಿನ ಡ್ರಮ್ಮು ಹೊತ್ತು, ಎಂಜಿನ್ನಿಗೆ ತಣ್ಣಗಾಗಲು ಬಿಡುವಿಲ್ಲ. ಎಣ್ಣೆ ಒತ್ತಡದ ಸೂಜಿ ಬಿಸಿಯಾದ ಮೇಲೆ ಅರ್ಧಕ್ಕಿಂತ ಕೆಳಗಿರುತ್ತದೆ. ಈ ಬಿಸಿಲಿಗೆ ದಪ್ಪ ಎಣ್ಣೆ, ನಲವತ್ತು ನಂಬರ್ ಇರಬೇಕಿತ್ತು. ಡಬ್ಬಿಯ ಮೇಲೆ ನಲವತ್ತು ಎಂದೇ ಬರೆದಿದೆ. ಒಳಗಿರುವುದಕ್ಕೆ ನಂಬರೇ ಇಲ್ಲ.

ಖಂಡಪ್ಪ ನಿನ್ನೆ ತಾನಾಗಿ ಬಂದು ಕೇಳಿದ, “ಕಾಕಾ, ಜೀಪು ಹೆಂಗ ಐತಿ?” ‘ನಿನ್ನ ಚಾರ್ಟ್ ಏನ್ ಹೇಳ್ತದ ನೋಡು’ ಎಂದೆ. ಪೆಚ್ಚಾಗಿ ಹೋದ. ಬಹಳ ದಿನಗಳ ಮೇಲೆ ಊಟ ರುಚಿಸಿತು.

೧೩ ಜೂನ್

ಮಳೆ ಹಿಡಿಯಿತು. ಗುಡ್ಡದ ದಾರಿಗೆ ಅಡ್ಡ ಹರಿಯುವ ನಾಲಾ ತುಂಬಿದೆ. ದಾಟಿದ ಕೂಡಲೇ ದಂಡೆಯ ಏರು, ಎಂಜಿನ್ನಿನ ಜೀವ ಹಿಂಡುವ ಜಾಗ ಅದೇ. ಇನ್ನು ಮೂರು ತಿಂಗಳು ಮೇಲಿನ ಜೋಪಡಿಗಳ ಕೂಲಿ ಜನಕ್ಕೆ ಹಿಟ್ಟು, ಸೀಮೆಎಣ್ಣೆ, ಔಷಧಿ ಎಲ್ಲ ಜೀಪಿನಿಂದಲೇ ಮುಟ್ಟಬೇಕು.

೧೭ ಜೂನ್, ಸೋಮವಾರ

ಬಡೇಸಾಬ ಚಹಾದ ಹೊತ್ತಿಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಹನ್ನೊಂದು ವರ್ಷದ ಡ್ರೈವರ್, ಸುಳ್ಳು ಹೇಳುವ ಮನುಷ್ಯ ಅಲ್ಲ.

“ಅಣ್ಣಾರ, ಎಂಜಿನ್ ತಳದಾಗ ಏನೋ ಬಡದಂಗ ಸಪ್ಪಳ ಆಗ್ಲಿಕತ್ತದ. ಏರಿಗಿ ಹೋಗುವಾಗ ಜಾಸ್ತಿ. ಸೂಜಿನೂ ಮ್ಯಾಲ ಏಳವಲ್ದು.”

“ಎಣ್ಣಿ ಆರಿಸಿದವ್ರನ್ನ ಕೇಳು,” ಎಂದೆ.

“ಖಂಡಪ್ಪ ಸಾಹೇಬ್ರು ಠಾಣೆ ಊರಿನ ಕ್ರಶರಿಗಿ ಹೋಗ್ಯಾರ, ಶನಿವಾರ ಬರ್ತಾರ. ಅಲ್ಲಿ ತನಕ ನಡಸ್ಲೋ, ನಿಲ್ಲಸ್ಲೋ?”

“ನನ್ನ ಕೈಯಾಗ ಏನೈತಿ ಬಡೇಸಾಬ? ನಾ ಬರೇ ಮಿಸ್ತ್ರಿ.”

ಎದ್ದು ಹೋದ. ಸಂಜೆ ಅವನು ಗಾಡಿ ತಂದು ನಿಲ್ಲಿಸುವಾಗ ನಾನೂ ಕೇಳಿದೆ. ಎಂಜಿನ್ ತಳದ ಬೇರಿಂಗ್ ಸವೆದಿದೆ. ಕಟ ಕಟ ಎಂದು, ಬಾಗಿಲು ಬಡಿದಂತೆ. ತಳ ಬಿಚ್ಚಿ ನೋಡಲು ಅರ್ಧ ದಿನ ಸಾಕು. ಬಿಚ್ಚಿದರೆ ಶನಿವಾರ ಖಂಡಪ್ಪ ಬಂದು, ನನ್ನ ಅಪ್ಪಣೆ ಇಲ್ಲದೆ ಗಾಡಿ ಯಾಕೆ ನಿಲ್ಲಿಸಿದಿರಿ ಎನ್ನುತ್ತಾನೆ. ಅವನೇ ಬಂದು ಕೇಳಲಿ. ತನ್ನ ಕಿವಿಯಿಂದ ಕೇಳಲಿ.

ಊಟಕ್ಕೆ ಕೂತಾಗ ಸುಂದ್ರವ್ವನಿಗೆ ಹೇಳಿದೆ, ಬಡೇಸಾಬ ಸಪ್ಪಳದ ಮಾತು ತಂದಿದ್ದ, ಇನ್ನೊಂದು ವಾರದಲ್ಲಿ ಖಂಡಪ್ಪನ ಇಂಗ್ಲಿಷ್ ಏನಾಗುತ್ತದೆ ನೋಡು ಎಂದು. ಅವಳು ನಗಲಿಲ್ಲ.

೧೯ ಜೂನ್

ಸಪ್ಪಳ ಹೆಚ್ಚಿದೆ.

೨೧ ಜೂನ್, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಕಂಪ್ರೆಸರ್ ರಿಪೇರಿಗೆಂದು ಬೆಳಿಗ್ಗೆ ನಾನು ಮೇಲೆ ಹೋಗಿದ್ದೆ. ಹನ್ನೊಂದರ ಸುಮಾರಿಗೆ, ಮಳೆಗೆ ಮಣ್ಣು ಸಡಿಲಾಗಿ ಖಾಣಿಯ ಅಂಚಿನಿಂದ ಒಂದು ಬಂಡೆ ಉರುಳಿತು. ಕೆಳಗೆ ಬುಟ್ಟಿ ತುಂಬುತ್ತಿದ್ದ ಹನುಮವ್ವನ ಎಡಗಾಲಿನ ಮೇಲೆ ಬಂತು. ಯಾದಗಿರಿ ಕಡೆಯವಳು, ಗಂಡ ಚಂದ್ರಾಮ ಅಲ್ಲೇ ಸುತ್ತಿಗೆ ಕೆಲಸ ಮಾಡುತ್ತಾನೆ. ಆರು ಜನ ಸೇರಿ ಸಬ್ಬಲಿನಿಂದ ಕಲ್ಲು ಎಬ್ಬಿಸಿದರು. ಚಂದ್ರಾಮ ತನ್ನ ರುಮಾಲು ಬಿಚ್ಚಿ ಮೊಣಕಾಲಿನ ಕೆಳಗೆ ಬಿಗಿದ. ಜೀಪಿನ ಹಿಂದೆ ಅವಳನ್ನು ಮಲಗಿಸಿದೆವು, ತಲೆ ಗಂಡನ ತೊಡೆಯ ಮೇಲೆ. ಕಾಲು ಅಲುಗದಂತೆ ನಾನು ಹಿಡಿದುಕೊಂಡೆ.

ಬಡೇಸಾಬ ನಿಧಾನಕ್ಕೆ ಇಳಿಸಿದ. ಇಳಿಯುವಾಗಲೇ ತಳದಲ್ಲಿ ಬಡಿಯುತ್ತಿತ್ತು. ಅವನು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದ. ನಾನು ಕಾಲು ನೋಡುತ್ತಿದ್ದೆ. ನಾಲಾ ದಾಟಿತು. ದಂಡೆಯ ಏರಿಗೆ ಅವನು ರೇಸ್ ಕೊಟ್ಟ ಕೂಡಲೇ ಒಳಗೆ ಏನೋ ಕಚ್ಚಿಕೊಂಡಂತಾಗಿ ಗಾಡಿ ಸತ್ತಿತು. ಮೂರು ಸಲ ಸ್ಟಾರ್ಟರ್ ಒತ್ತಿದ. ಎಂಜಿನ್ ಜಾಮ್. ಹ್ಯಾಂಡಲ್ ಹಾಕಿದರೂ ಒಂದು ಕೂದಲಷ್ಟು ತಿರುಗಲಿಲ್ಲ.

ನಾನು ಹೇಳಿದ್ದೇ ಆಯಿತು, ಎಂದು ಮೊದಲು ಅನ್ನಿಸಿತು. ಅದು ಒಂದು ಕ್ಷಣ ಮಾತ್ರ. ಅಲ್ಲಿದ್ದ ಯಾರಿಗೂ ಅದು ತಿಳಿಯುವ ಹಾಗಿರಲಿಲ್ಲ.

ಜೀಪಿನ ಮೇಲ್ಹೊದಿಕೆಯ ತಾಡಪತ್ರಿ ಬಿಚ್ಚಿ ಅದರಲ್ಲಿ ಅವಳನ್ನು ಹಾಕಿಕೊಂಡು, ಹಿಂದೆ ಓಡಿ ಬಂದ ಕೂಲಿಯೊಬ್ಬನೂ ಸೇರಿ ನಾಲ್ಕು ಜನ ಹೊತ್ತೆವು. ಕೆಸರಿನಲ್ಲಿ ಹೆಜ್ಜೆ ನಿಲ್ಲುತ್ತಿರಲಿಲ್ಲ. ಬಡೇಸಾಬ ಎರಡು ಸಲ ಬಿದ್ದ, ಬಿದ್ದರೂ ತನ್ನ ಮೂಲೆ ಬಿಡಲಿಲ್ಲ. ಕ್ರಶರಿನ ಹತ್ತಿರ ಲಾರಿ ಸಿಗುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಹನುಮವ್ವ ಅಷ್ಟೂ ಹೊತ್ತು ಅಳಲಿಲ್ಲ. ಒಮ್ಮೆ ಮಾತ್ರ, ‘ಇನ್ನ ಎಷ್ಟ ದೂರ ಐತ್ರಿ ಎಪ್ಪಾ’ ಎಂದು ನನ್ನನ್ನು ಕೇಳಿದಳು. ಇಲ್ಲೇ ಬಂತು ಎಂದೆ.

೨೨ ಜೂನ್

ಮೊಣಕಾಲಿನ ಮೇಲೆ ಕತ್ತರಿಸಿದರಂತೆ. ಬೇಗ ಬಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಚಂದ್ರಾಮನಿಗೆ ಹೇಳಿದ್ದಾರೆ.

೨೪ ಜೂನ್, ಸೋಮವಾರ

ಸೇಠರು ತಮ್ಮ ಖೋಲಿಗೆ ನನ್ನನ್ನು, ಖಂಡಪ್ಪನನ್ನು, ಬಡೇಸಾಬನನ್ನು ಕರೆಸಿದರು, ಕ್ಲಾರ್ಕನೂ ಇದ್ದ. ಮಾತೆಲ್ಲ ಹಿಂದಿಯಲ್ಲಿ. ನಾನು ಎಲ್ಲ ತಾರೀಖು ಹೇಳಿದೆ. ಜನವರಿಯಲ್ಲಿ ಗಂಟೆಯ ಲೆಕ್ಕ ಹೇಳಿದ್ದು, ಧಾರಾವಿಗೆ ಹೋಗಿ ನೋಡಿ ಬಂದದ್ದು, ಸಾಕ್ಷಿ ಇಟ್ಟು ಎಚ್ಚರಿಸಿದ್ದು. ಕ್ಲಾರ್ಕ್ ಹೌದೆಂದ. ಖಂಡಪ್ಪ ಜಗಳಾಡುತ್ತಾನೆ ಎಂದುಕೊಂಡಿದ್ದೆ. ಅವನು, ಮಿಸ್ತ್ರಿ ಹೇಳಿದ್ದು ಖರೆ, ಎಣ್ಣೆ ತಂದವನು ನಾನು, ಚಾರ್ಟು ಹಾಕಿದವನೂ ನಾನು, ತಪ್ಪು ನನ್ನದು ಎಂದುಬಿಟ್ಟ. ಆಫೀಸು ಮಂಜೂರಿ ಕೊಡದ ಕಥೆಯನ್ನು ಎತ್ತಲೇ ಇಲ್ಲ. ಎಲ್ಲ ನಾಟಕ. ಸೇಠರ ಮನಸ್ಸು ಕರಗಿಸುವ ವಿದ್ಯೆ ಅವನಿಗೆ ಗೊತ್ತು.

ಆಮೇಲೆ ಸೇಠರು ಬಡೇಸಾಬನ ಕಡೆ ತಿರುಗಿದರು. ಸೂಜಿ ಕೆಳಗಿಳಿದಿದ್ದರೂ ಗಾಡಿ ಯಾಕೆ ನಡೆಸಿದೆ? ನಾಲ್ಕು ದಿನ ಮೊದಲೇ ಮಿಸ್ತ್ರಿಗೆ ಹೇಳಿದ್ದೆ ಎಂದ ಬಡೇಸಾಬ. ಅಷ್ಟೇ ಹೇಳಿದ. ನಾನೇನು ಉತ್ತರ ಕೊಟ್ಟೆ ಎಂಬುದನ್ನು ಹೇಳಲಿಲ್ಲ.

ಸೇಠರು ನನ್ನನ್ನು ಕೇಳಿದರು.

ನನಗೆ ಹೇಳಿಲ್ಲ ಎಂದೆ.

೨೫ ಜೂನ್

ಬಡೇಸಾಬನನ್ನು ಕೆಲಸದಿಂದ ತೆಗೆದರು. ಗಾಡಿ ಕೆಡಿಸಿದ್ದಕ್ಕೆ ಮತ್ತು ಸುಳ್ಳು ಹೇಳಿದ್ದಕ್ಕೆ. ಖಂಡಪ್ಪನನ್ನು ಠಾಣೆಯ ಕ್ರಶರಿಗೆ ಕಳಿಸಿದರು, ಕೆಲಸ ಉಳಿಯಿತು. ನ್ಯಾಯ ಹೀಗೆ.

ಬಡೇಸಾಬ ಹೇಳಿದ್ದನ್ನು ಹೇಳಿದ್ದು ಎನ್ನಲು ಬರುವುದಿಲ್ಲ. ಅವನು ನಡೆಸಲೋ ನಿಲ್ಲಿಸಲೋ ಎಂದು ಕೇಳಿದ. ಕೇಳುವುದು ಬೇರೆ, ಹೇಳುವುದು ಬೇರೆ. ಅದೂ ಚಹಾದ ಹೊತ್ತಿನಲ್ಲಿ. ಡ್ರೈವರ್ ಆದವನು ಸೂಜಿ ನೋಡಿ ತಾನೇ ನಿಲ್ಲಿಸಬೇಕು. ನಾನಾಗಿದ್ದರೆ ನಿಲ್ಲಿಸುತ್ತಿದ್ದೆ.

೨೯ ಜೂನ್

ಇಂದಿನಿಂದ ಎಣ್ಣೆ, ಫಿಲ್ಟರ್, ಗ್ರೀಸು ಎಲ್ಲದರ ನಿರ್ಧಾರ ನನ್ನದು ಎಂದು ಸೇಠರು ಆರ್ಡರ್ ಹೊರಡಿಸಿದರು. ಮಂಜೂರಿಯೂ ತಕ್ಷಣ ಸಿಕ್ಕಿತು. ಕ್ರ್ಯಾಂಕು ಉಜ್ಜಿಸಿ, ಹೊಸ ಬೇರಿಂಗ್ ಕೂರಿಸಿ, ಎಂಜಿನ್ ಕಟ್ಟಿ ಮುಗಿಸಿದೆ.

ಹೀಗೆ ಮಾಡುತ್ತೇನೆ. ಮಳೆಗಾಲ ಮತ್ತು ಚಳಿಗೆ ಮೂವತ್ತು ನಂಬರ್, ಮಾರ್ಚಿನಿಂದ ಜೂನಿನವರೆಗೆ ನಲವತ್ತು. ಡೀಸೆಲ್ಲಿಗೆಂದೇ ಬರುವ, ಮಸಿಯನ್ನು ತಳದಲ್ಲಿ ಕೂರಗೊಡದ ಜಾತಿಯ ಎಣ್ಣೆಯೇ ಆಗಬೇಕು. ಬೆಸುಗೆ ನಾನೇ ನೋಡಿ ಒಡೆಯಬೇಕು. ಹೊಸ ಬೇರಿಂಗಾದ್ದರಿಂದ ಮೊದಲ ಸಲ ಇಪ್ಪತ್ತೈದು ಗಂಟೆಗೇ ತೆಗೆಯುವುದು, ಆಮೇಲೆ ನೂರು ಗಂಟೆಗೊಮ್ಮೆ, ಕಲ್ಲುಪುಡಿ ಹಾರುವ ಬೇಸಿಗೆಯಲ್ಲಿ ಎಂಬತ್ತಕ್ಕೆ. ಎಣ್ಣೆ ಬಿಸಿ ಇರುವಾಗಲೇ ಇಳಿಸಬೇಕು, ಕೆಸರೆಲ್ಲ ಅದರ ಜೊತೆ ಹೋಗುತ್ತದೆ. ಪ್ರತಿ ಸಲ ಫಿಲ್ಟರ್ ಹೊಸದು. ನಾಲಾದ ನೀರು ಗಾಲಿಯ ಅರ್ಧಕ್ಕಿಂತ ಮೇಲಿದ್ದರೆ ಮರುದಿನ ಕಡ್ಡಿ ಎಳೆದು ನೋಡಬೇಕು, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಗಂಟೆ ನೋಡದೆ ಚೆಲ್ಲಬೇಕು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಕನ್ನಡ, ಹಿಂದಿ ಎರಡರಲ್ಲೂ ಬರೆಸುತ್ತೇನೆ. ಹೀಗೆ ನಡೆದರೆ ಈ ಎಂಜಿನ್ ಹತ್ತು ವರ್ಷ ಬಾಳುತ್ತದೆ.

ನನ್ನ ಪೆಟ್ಟಿಗೆಯಲ್ಲಿದ್ದ ಡಬ್ಬಿಯನ್ನೇ ಮೊದಲು ಸುರಿದೆ. ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

೩೦ ಜೂನ್, ಭಾನುವಾರ

ಬಡೇಸಾಬನ ಹೆಂಡತಿ ರೋಷನಬಿ ನಮ್ಮ ಚಾಳಿಗೆ ಬಂದಿದ್ದಳಂತೆ. ನಾನಿರಲಿಲ್ಲ. ಸುಂದ್ರವ್ವನ ಜೊತೆ ಒಂದಿಷ್ಟು ಹೊತ್ತು ಕೂತು, ಏನೂ ಬೇಡದೆ ಹೋದಳಂತೆ. ನಾನು ಊಟಕ್ಕೆ ಕೂತಾಗ ಸುಂದ್ರವ್ವ ತಾಟು ಮುಂದಿಟ್ಟು ನಿಂತೇ ಇದ್ದಳು.

“ಆ ದಿನ ಉಣ್ಣುವಾಗ ನೀವs ನನಗ ಹೇಳಿದ್ರಿ. ಬಡೇಸಾಬ ಸಪ್ಪಳದ ಮಾತ ತಂದಿದ್ದ ಅಂತ.”

ನೆನಪಿಲ್ಲ ಎಂದೆ.

“ನನಗ ನೆನಪೈತಿ,” ಎಂದಳು.

ಆಮೇಲೆ ಪಲ್ಯ ಬಡಿಸಿದಳು. ಹೆಂಗಸರಿಗೆ ಎಂಜಿನ್ ವಿಷಯ ತಿಳಿಯುವುದಿಲ್ಲ.

೩ ಜುಲೈ

ಸುಂದ್ರವ್ವ ಈಗ ನನಗೆ ಬಡಿಸಿ, ಆಮೇಲೆ ಒಬ್ಬಳೇ ಉಣ್ಣುತ್ತಾಳೆ.

೭ ಜುಲೈ, ಭಾನುವಾರ

ಹನುಮವ್ವನನ್ನು ನೋಡಲು ಆಸ್ಪತ್ರೆಗೆ ಹೋದೆ. ಹೋಗದಿದ್ದರೆ ಜನ ಏನೆಂದಾರು. ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಬಡೇಸಾಬ ಕೂತಿದ್ದ. ಚಂದ್ರಾಮ ಕೂಲಿಗೆ ಹೋಗಲೇಬೇಕು, ಹಾಗಾಗಿ ಹಗಲು ಹೊತ್ತು ಬಡೇಸಾಬ ಬರುತ್ತಾನಂತೆ. ಇವತ್ತು ಚಂದ್ರಾಮನೂ ಇದ್ದ. ರೋಷನಬಿ ಕೊಟ್ಟು ಕಳಿಸಿದ ಬುತ್ತಿ ಬಿಚ್ಚಿ ಮೂವರೂ ಕೂಡಿ ಉಣ್ಣುತ್ತಿದ್ದರು. ನನ್ನನ್ನು ಕಂಡು ಚಂದ್ರಾಮ ಎದ್ದು ನಿಂತ. ಕೈ ಮುಗಿದ. ಹನುಮವ್ವ ಗೋಡೆಗೊರಗಿ ಕೂತಿದ್ದಳು. ಚಾದರ ಒಂದು ಕಡೆ ಸಪಾಟಾಗಿತ್ತು.

“ನಿಮ್ಮ ಮಾತು ಕೇಳಿದ್ರ ನನ್ನ ಕಾಲು ಉಳೀತಿತ್ತಂತ್ರಿ ಎಪ್ಪಾ,” ಎಂದಳು. “ಖಾಣ್ಯಾಗ ಎಲ್ಲಾರೂ ಅಂತಾರ. ನಮ್ಮಂಥವ್ರ ಸಲುವಾಗಿ ನೀವೊಬ್ರರೆ ಬಾಯಿ ಬಿಟ್ರಿ.”

ಬಡೇಸಾಬ ಕಿಟಕಿಯ ಕಡೆ ನೋಡುತ್ತಿದ್ದ. ಚಂದ್ರಾಮ ನನಗೆ ಒಂದು ರೊಟ್ಟಿ ಕೊಟ್ಟ. ತಿಂದೆ.

ಹೊರಗೆ ಗೇಟಿನವರೆಗೆ ಬಡೇಸಾಬ ಜೊತೆಗೆ ಬಂದ. ಅವರಿಗೆ ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಏನನ್ನು ಎಂದು ಅವನು ಕೇಳಲಿಲ್ಲ.

“ಹೇಳಿದ್ರ ಕಾಲು ಬರ್ತದೇನ್ರಿ ಅಣ್ಣಾರ? ಇಷ್ಟ ದೊಡ್ಡ ಊರಾಗ ಆಕಿಗಿ ಯಾರರೆ ಒಬ್ರು ಭರೋಸಾದವ್ರು ಬೇಕು. ಆಕಿ ನೀವು ಅಂತ ತಿಳ್ಕೊಂಡಾಳ. ಇರ್ಲಿ ಬಿಡ್ರಿ.”

ಅಷ್ಟು ಹೇಳಿ ಒಳಗೆ ಹೋದ. ಬಸ್ಸಿಗೆ ಕಾಯುತ್ತ ಬಹಳ ಹೊತ್ತು ನಿಂತೆ. ಎರಡು ಬಸ್ಸು ಬಂದು ಹೋದವು.

೮ ಜುಲೈ

ಸೇಠರನ್ನು ಕಾಣಲು ಆಫೀಸಿಗೆ ಹೋದೆ. ಹೇಳಬೇಕಾದದ್ದು ಒಂದೇ ಮಾತು. ಬಡೇಸಾಬ ನನಗೆ ಹೇಳಿದ್ದ, ನಾನು ಸುಳ್ಳು ಹೇಳಿದೆ. ದಾರಿಯುದ್ದಕ್ಕೂ ಹಿಂದಿಯಲ್ಲಿ ಹೊಂದಿಸಿಕೊಂಡು ಹೋಗಿದ್ದೆ. ಸೇಠರು ಪುಣೆಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದ ಕ್ಲಾರ್ಕ್. ಸುಂದ್ರವ್ವನಿಗೆ ಹೇಳಿದೆ, ನಾಳೆ ಹೋಗುತ್ತೇನೆ ಎಂದು. ಇವತ್ತು ಅವಳು ನನ್ನ ಜೊತೆ ಕೂತು ಉಂಡಳು.

೯ ಜುಲೈ

ಸೇಠರು ಇದ್ದರು. ಕೂರಿಸಿ ಚಹಾ ತರಿಸಿದರು. ಎಣ್ಣೆಯ ವಿಷಯ ಮಾತಾಡಿ ಬಂದೆ.